ಬಿಸಿಲ ನಾಡಿನಲ್ಲಿ ಬಿಸಿಲಿನ ಬರ



ಜೂನ್ ತಿಂಗಳ ಕೊನೆಯ ವಾರದಲ್ಲಿ, ಮಧ್ಯಾಹ್ನ ಹನ್ನೆರಡಕ್ಕೆ ತುಸು ಮೊದಲು ಸಲ್ಮಾನಿಯಾದ ಯಾವುದೇ ಬೀದಿಯಲ್ಲಿ ನಿಂತವರ ನೆರಳು ಅವರ ಪಾದದ ಬುಡದಲ್ಲೇ ಮುದುಡಿಕೊಂಡಿರುತ್ತದೆ. ಸೂರ್ಯ ನೆತ್ತಿಯಿಂದ ಮೂರು ಡಿಗ್ರಿಯಷ್ಟೂ ಸರಿದಿರುವುದಿಲ್ಲ. ಐದೂವರೆ ಅಡಿ ಎತ್ತರದ ಮನುಷ್ಯನ ನೆರಳು ಗೇಣುದ್ದಕ್ಕೂ ಕಡಿಮೆ. ಆದರೆ ಆ ಹೊತ್ತಿಗೆ ಬೀದಿಯಲ್ಲಿ ನಿಲ್ಲುವವರಾದರೂ ಯಾರು? ಹವಾನಿಯಂತ್ರಿತ ಮನೆಯಿಂದ ಹವಾನಿಯಂತ್ರಿತ ಕಾರಿಗೆ, ಕಾರಿನಿಂದ ಕಚೇರಿಗೆ ಅಥವಾ ಮಾಲಿಗೆ ಹೋಗುವ ನಡುವೆ ಮೈಗೆ ಬಿಸಿಲು ತಾಗುವುದು ಕೆಲವೇ ಹೆಜ್ಜೆಗಳಷ್ಟು ಕಾಲ. ಇದೇ ಬಡಾವಣೆಯಲ್ಲಿರುವ, ಬಹರೈನಿನ ಅತಿ ದೊಡ್ಡ ಸರ್ಕಾರಿ ಆಸ್ಪತ್ರೆಯಾದ ಸಲ್ಮಾನಿಯಾ ವೈದ್ಯಕೀಯ ಸಂಕೀರ್ಣಕ್ಕೆ ಸೊಂಟನೋವು, ತೊಡೆನೋವು, ಮೆಟ್ಟಿಲು ಹತ್ತಲಾಗದ ಸುಸ್ತು ಎಂದು ಬರುವವರಲ್ಲಿ ಒಂದಷ್ಟು ಜನರ ರಕ್ತದಲ್ಲಿ ಕಡಿಮೆಯಾಗಿರುವುದು ಬಿಸಿಲಿನಿಂದ ದೇಹ ತಯಾರಿಸಿಕೊಳ್ಳಬೇಕಾದ ಒಂದು ವಸ್ತು. ಅದಕ್ಕೆ ವಿಟಮಿನ್ ಡಿ ಎಂದು ಹೆಸರು.

ಅರಬ್ ನಾಡುಗಳ ಮಟ್ಟಿಗೆ ಇದು ಹೊಸ ಸುದ್ದಿಯಲ್ಲ. ಸೌದಿ ಅರೇಬಿಯಾದ ವೈದ್ಯರು 1980ರ ದಶಕದಲ್ಲೇ ಈ ವಿರೋಧಾಭಾಸವನ್ನು ಗುರುತಿಸಿ ಬರೆದಿದ್ದರು. ಅರೇಬಿಯನ್ ಗಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು ಕಳೆದ ದಶಕದಲ್ಲಿ ಆರೋಗ್ಯವಂತ ಬಹರೈನಿಗರ ರಕ್ತವನ್ನು ಪರೀಕ್ಷಿಸಿದಾಗ ಬಹುಪಾಲು ಜನರಲ್ಲಿ ಅದರ ಮಟ್ಟ ಕಡಿಮೆಯಿದ್ದುದು ಕಂಡುಬಂತು. ಭಾರತದ ಕತೆಯೂ ಬೇರೆಯಲ್ಲ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿಂದ 2000ದಲ್ಲಿ ಪ್ರಕಟವಾದ ಅಧ್ಯಯನವೊಂದು, ಒಳಗೆ ಕುಳಿತು ದುಡಿಯುವ ವೈದ್ಯರು ಮತ್ತು ದಾದಿಯರಲ್ಲೇ ಈ ಕೊರತೆಯನ್ನು ತೋರಿಸಿತು. ಬಿಸಿಲಿನಲ್ಲಿ ತಾಲೀಮು ಮಾಡುವ ಸೈನಿಕರ ಸ್ಥಿತಿ ಅವರಿಗಿಂತ ಉತ್ತಮವಾಗಿತ್ತು. ಬಿಸಿಲು ಆಕಾಶದಲ್ಲಿ ಎಷ್ಟಿದೆ ಎಂಬುದಕ್ಕಿಂತ ಅದು ಯಾರ ಚರ್ಮದ ಮೇಲೆ, ಯಾವ ಹೊತ್ತಿನಲ್ಲಿ, ಎಷ್ಟು ಕಾಲ ಬೀಳುತ್ತದೆ ಎಂಬುದು ಮುಖ್ಯ. ಆ ಪ್ರಶ್ನೆಗೆ ಉತ್ತರ ಕೊಡುವುದು ಖಗೋಳವಲ್ಲ, ಸಮಾಜ.

ಮೊದಲಿಗೆ ಹೆಸರಿನ ಗೊಂದಲವನ್ನು ಬಿಡಿಸಬೇಕು. ವಿಟಮಿನ್ ಎಂದರೆ ದೇಹ ತಾನೇ ತಯಾರಿಸಿಕೊಳ್ಳಲಾಗದ, ಆಹಾರದಿಂದಲೇ ಪಡೆಯಬೇಕಾದ ಪೋಷಕಾಂಶ. ಈ ಅರ್ಥದಲ್ಲಿ ವಿಟಮಿನ್ ಡಿ ವಿಟಮಿನ್ನೇ ಅಲ್ಲ. ಅದಕ್ಕೆ ಆ ಹೆಸರು ಬಂದದ್ದು ಇತಿಹಾಸದ ಒಂದು ಆಕಸ್ಮಿಕದಿಂದ. 1919ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಮೆಲನ್‌ಬಿ ಎಂಬ ವಿಜ್ಞಾನಿ, ಒಳಗೇ ಕೂಡಿಹಾಕಿ ಓಟ್ಸ್ ಗಂಜಿ ತಿನ್ನಿಸಿದ ನಾಯಿಮರಿಗಳಿಗೆ ರಿಕೆಟ್ಸ್ ಬರುವುದನ್ನೂ ಕಾಡ್ ಮೀನಿನ ಯಕೃತ್ತಿನ ಎಣ್ಣೆ ಕೊಟ್ಟಾಗ ಅದು ವಾಸಿಯಾಗುವುದನ್ನೂ ತೋರಿಸಿದರು. ಎಣ್ಣೆಯಲ್ಲಿರುವ ಎ ವಿಟಮಿನ್ನೇ ಇದಕ್ಕೆ ಕಾರಣವೆಂಬ ಊಹೆಯಿತ್ತು. 1922ರಲ್ಲಿ ಅಮೆರಿಕದ ಎಲ್ಮರ್ ಮೆಕಾಲಮ್ ಎಣ್ಣೆಯಲ್ಲಿನ ಎ ವಿಟಮಿನ್ನನ್ನು ನಾಶಮಾಡಿ ನೋಡಿದರು. ಎಣ್ಣೆ ರಿಕೆಟ್ಸ್ ಗುಣಪಡಿಸುವ ಶಕ್ತಿಯನ್ನು ಉಳಿಸಿಕೊಂಡಿತ್ತು. ಎ, ಬಿ, ಸಿ ಅಕ್ಷರಗಳು ಆಗಲೇ ಮುಗಿದಿದ್ದವು. ಹೊಸ ವಸ್ತುವಿಗೆ ಡಿ ಸಿಕ್ಕಿತು.

ಇದೇ 1919ರಲ್ಲಿ ಬರ್ಲಿನ್ನಿನ ಮಕ್ಕಳ ವೈದ್ಯ ಕುರ್ಟ್ ಹುಲ್ಡ್‌ಶಿನ್‌ಸ್ಕಿ ಇನ್ನೊಂದು ದಾರಿಯಲ್ಲಿದ್ದರು. ಯುದ್ಧದಿಂದ ಬಡವಾಗಿ, ಸೊಟ್ಟ ಕಾಲುಗಳ ಮಕ್ಕಳಿಂದ ತುಂಬಿದ್ದ ನಗರದಲ್ಲಿ ಅವರು ಪಾದರಸದ ಸ್ಫಟಿಕ ದೀಪದ ನೇರಳಾತೀತ ಬೆಳಕನ್ನು ಮಕ್ಕಳ ಮೈಮೇಲೆ ಹಾಯಿಸಿದರು. ಎಲುಬುಗಳು ಗಟ್ಟಿಯಾದುದನ್ನು ಕ್ಷಕಿರಣ ಚಿತ್ರಗಳು ತೋರಿಸಿದವು. ಅವರು ಕಂಡ ಇನ್ನೊಂದು ಸಂಗತಿ ಹೆಚ್ಚು ಬೆರಗಿನದು: ಒಂದು ಕೈಗೆ ಮಾತ್ರ ಬೆಳಕು ಕೊಟ್ಟರೂ ಇನ್ನೊಂದು ಕೈಯ ಎಲುಬೂ ಗುಣವಾಗುತ್ತಿತ್ತು. ಎಂದರೆ ಬೆಳಕು ತಾಗಿದ ಚರ್ಮದಲ್ಲಿ ಯಾವುದೋ ವಸ್ತು ಹುಟ್ಟಿ ರಕ್ತದಲ್ಲಿ ಸಾಗಿ ದೂರದ ಅಂಗವನ್ನು ತಲಪುತ್ತಿರಬೇಕು. ಒಂದು ಕಡೆ ಹುಟ್ಟಿ, ರಕ್ತದಲ್ಲಿ ಪಯಣಿಸಿ, ಮತ್ತೊಂದು ಕಡೆ ಕೆಲಸ ಮಾಡುವ ವಸ್ತುವಿಗೆ ದೇಹವಿಜ್ಞಾನದಲ್ಲಿರುವ ಹೆಸರು ಹಾರ್ಮೋನ್.

ಮುಂದಿನ ಐವತ್ತು ವರ್ಷಗಳಲ್ಲಿ ವಿವರಗಳು ತಿಳಿದುಬಂದವು. ಚರ್ಮದಲ್ಲಿ ಕೊಲೆಸ್ಟರಾಲಿನ ಹತ್ತಿರದ ಸಂಬಂಧಿಯೊಂದಿದೆ. ಸೂರ್ಯನ ಬೆಳಕಿನಲ್ಲಿ 290ರಿಂದ 315 ನ್ಯಾನೋಮೀಟರ್ ತರಂಗಾಂತರದ, ಯುವಿಬಿ ಎಂದು ಕರೆಯುವ ಕಿರಣಗಳು ಅದರ ಮೇಲೆ ಬಿದ್ದಾಗ ಅದರ ರಚನೆಯ ಒಂದು ಉಂಗುರ ಬಿಚ್ಚಿಕೊಳ್ಳುತ್ತದೆ. ಮೈಯ ಶಾಖ ಉಳಿದ ಕೆಲಸ ಮುಗಿಸಿ ವಿಟಮಿನ್ ಡಿ3 ಆಗುತ್ತದೆ. ಅದು ಇನ್ನೂ ನಿಷ್ಕ್ರಿಯ. ಯಕೃತ್ತು ಅದನ್ನು ಒಮ್ಮೆ ತಿದ್ದುತ್ತದೆ; ರಕ್ತಪರೀಕ್ಷೆಯಲ್ಲಿ ಅಳೆಯುವುದು ಈ ರೂಪವನ್ನು. ಮೂತ್ರಪಿಂಡ ಇನ್ನೊಮ್ಮೆ ತಿದ್ದಿದಾಗ ಅದು ಕ್ಯಾಲ್ಸಿಟ್ರಯಾಲ್ ಎಂಬ ಪೂರ್ಣ ಪ್ರಮಾಣದ ಸ್ಟೀರಾಯ್ಡ್ ಹಾರ್ಮೋನ್ ಆಗುತ್ತದೆ. ಈಸ್ಟ್ರೋಜನ್, ಕಾರ್ಟಿಸಾಲ್, ಟೆಸ್ಟೋಸ್ಟೆರಾನ್ ಸೇರಿದ ಮನೆತನವೇ ಇದರದೂ. ಅವುಗಳಂತೆಯೇ ಇದೂ ಜೀವಕೋಶದ ಒಳಹೊಕ್ಕು, ವಂಶವಾಹಿಗಳು ಯಾವಾಗ ಕೆಲಸ ಮಾಡಬೇಕೆಂದು ಆಜ್ಞೆ ಕೊಡುತ್ತದೆ. ಕರುಳು ಆಹಾರದಿಂದ ಸುಣ್ಣವನ್ನು ಹೀರುವುದು ಅದರ ಅಪ್ಪಣೆಯಂತೆ.

ಅಪ್ಪಣೆ ಬಾರದೆ ಹೋದರೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯತೊಡಗುತ್ತದೆ. ಕತ್ತಿನಲ್ಲಿ ಥೈರಾಯ್ಡಿನ ಹಿಂದೆ ಅಡಗಿರುವ ನಾಲ್ಕು ಪುಟ್ಟ ಗ್ರಂಥಿಗಳು ಅದನ್ನು ಗ್ರಹಿಸಿ ಪ್ಯಾರಾಥೈರಾಯ್ಡ್ ಹಾರ್ಮೋನನ್ನು ಸುರಿಸುತ್ತವೆ. ಆ ಹಾರ್ಮೋನು ಎಲುಬಿನಿಂದ ಕ್ಯಾಲ್ಸಿಯಮ್ಮನ್ನು ಬಿಡಿಸಿ ರಕ್ತಕ್ಕೆ ತುಂಬುತ್ತದೆ. ಗೃಹಸ್ಥ ತಿಂಗಳ ಖರ್ಚಿಗೆ ಠೇವಣಿ ಮುರಿಯುವಂಥ ಏರ್ಪಾಡು ಇದು. ಹಲವು ವರ್ಷ ಯಾರಿಗೂ ಗೊತ್ತಾಗುವುದಿಲ್ಲ. ಈ ಕಾರಣದಿಂದಲೇ ರಕ್ತದ ಕ್ಯಾಲ್ಸಿಯಂ ಸರಿಯಿದೆ ಎಂಬ ವರದಿ ಎಲುಬು ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಬೆಳೆಯುವ ಮಕ್ಕಳಲ್ಲಿ ಇದು ರಿಕೆಟ್ಸ್ ಆಗಿ ಕಾಣಿಸಿಕೊಂಡರೆ, ದೊಡ್ಡವರಲ್ಲಿ ಎಲುಬು ಮೆದುವಾಗುವ ಆಸ್ಟಿಯೋಮಲೇಶಿಯಾ ಆಗುತ್ತದೆ. ಕುಳಿತಲ್ಲಿಂದ ಏಳುವಾಗ ಕೈಯೂರಬೇಕಾಗುತ್ತದೆ, ನಡಿಗೆ ಬಾತುಕೋಳಿಯ ನಡಿಗೆಯಾಗುತ್ತದೆ. ಇದನ್ನು ವಾತ, ಮಾನಸಿಕ ಒತ್ತಡ, ಹೆಂಗಸರ ಸೋಮಾರಿತನ ಎಂದೆಲ್ಲ ಕರೆದು ವರ್ಷಗಟ್ಟಲೆ ಕಳೆದ ಕುಟುಂಬಗಳಿವೆ.

ಕೊನೆಯ ಮಾತು ಬರಿಯ ಚುಚ್ಚುನುಡಿಯಲ್ಲ. ಈ ಕೊರತೆಯ ಇತಿಹಾಸದಲ್ಲಿ ಹೆಂಗಸರ ಸ್ಥಾನ ಮೊದಲಿನಿಂದಲೂ ದೊಡ್ಡದು. ಕಾಶ್ಮೀರದಲ್ಲಿ ಕೆಲಸ ಮಾಡಿದ ವೈದ್ಯೆ ಕ್ಯಾಥ್ಲೀನ್ ವಾನ್ 1928ರಲ್ಲಿ ಪರ್ದಾ ಪದ್ಧತಿ ಮತ್ತು ತಾಯ್ತನದ ಕುರಿತು ಒಂದು ಪುಸ್ತಕವನ್ನೇ ಬರೆದರು. ಒಳಮನೆಯಲ್ಲಿ ಬದುಕುವ ಹೆಂಗಸರ ಸೊಂಟದ ಎಲುಬು ಮೆದುವಾಗಿ, ಸೊಟ್ಟಗಾಗಿ, ಹೆರಿಗೆಯಲ್ಲಿ ಮಗು ಹೊರಬರಲಾರದೆ ತಾಯಿಯೂ ಮಗುವೂ ಸಾಯುವುದನ್ನು ಅವರು ಕಂಡಿದ್ದರು. ಹೊರಗೆ ದುಡಿಯುವ ಬಡ ಹೆಂಗಸರಲ್ಲಿ ಅದು ಅಪರೂಪವಾಗಿತ್ತು. ಇಲ್ಲೊಂದು ಎಚ್ಚರ ಬೇಕು. ಇಂಥ ಬರಹಗಳನ್ನು ಹಿಡಿದು ಬಟ್ಟೆಯನ್ನೇ ಆರೋಪಿಯ ಕಟಕಟೆಯಲ್ಲಿ ನಿಲ್ಲಿಸುವುದು ಸುಲಭ, ಮತ್ತು ಇಂದಿನ ರಾಜಕಾರಣಕ್ಕೆ ಅನುಕೂಲಕರ ಕೂಡ. ಆದರೆ ಬುರ್ಖಾ ಧರಿಸುವ ಬ್ಯಾರಿ ಹೆಂಗಸಿನಂತೆಯೇ, ಉದ್ದ ತೋಳಿನ ಕುರ್ತಾ ತೊಟ್ಟು ಬಿಸಿಲಿಗೆ ಛತ್ರಿ ಹಿಡಿಯುವ ಉಡುಪಿಯ ಹೆಂಗಸಿನಲ್ಲೂ, ಸೂಟು ತೊಟ್ಟು ಕಚೇರಿಯಲ್ಲಿ ಕೂರುವ ಬೆಂಗಳೂರಿನ ಗಂಡಸಿನಲ್ಲೂ ಈ ಕೊರತೆ ಸಿಗುತ್ತದೆ. ಹಿಂದೆ ಮುಹರ್ರಕ್ಕಿನ ಹಳೆಯ ಮನೆಗಳಿಗೆ ನಡುವೆ ತೆರೆದ ಅಂಗಳವಿತ್ತು. ನಮ್ಮ ಕಡೆಯ ತೊಟ್ಟಿಮನೆಗಳಿಗೂ ಇತ್ತು. ಮೈಮುಚ್ಚುವ ಪದ್ಧತಿ ಇದ್ದರೂ ಪರರ ಕಣ್ಣಿಗೆ ಬೀಳದೆ ಬಿಸಿಲಿನಲ್ಲಿ ಕೂರುವ ಜಾಗವೊಂದು ಮನೆಯೊಳಗೇ ಇತ್ತು. ಎರಡು ಕೋಣೆಯ ಫ್ಲಾಟು ಆ ಅಂಗಳವನ್ನು ಕಿತ್ತುಕೊಂಡಿತು. ಪದ್ಧತಿ ಮಾತ್ರ ಉಳಿಯಿತು.

ಇದರ ಜತೆಗೆ ಬಣ್ಣದ ವ್ಯಾಮೋಹವಿದೆ. ಬಿಸಿಲಿಗೆ ಹೋಗಬೇಡ, ಕಪ್ಪಾಗುತ್ತೀ ಎಂಬ ಮಾತನ್ನು ಕೇಳದೆ ಬೆಳೆದ ಕನ್ನಡದ ಹೆಣ್ಣುಮಗಳು ವಿರಳ. ಮುಖಕ್ಕೆ ಬೆಳ್ಳನೆಯ ಭರವಸೆ ಮಾರಿದ ಕ್ರೀಮೊಂದು 1975ರಿಂದ ಭಾರತದ ಮನೆಮನೆಯಲ್ಲಿತ್ತು. 2020ರಲ್ಲಿ ಅದರ ಹೆಸರು ಬದಲಾಯಿತು, ಬಯಕೆ ಬದಲಾಗಲಿಲ್ಲ. ವಿಪರ್ಯಾಸವೆಂದರೆ ಕಪ್ಪು ಮೈಗೆ ಹೆಚ್ಚು ಬಿಸಿಲು ಬೇಕು. ಚರ್ಮದ ಮೆಲನಿನ್ ಯುವಿಬಿಯನ್ನು ತಡೆಯುತ್ತದೆ. ಅದು ಚರ್ಮದ ಕ್ಯಾನ್ಸರಿನಿಂದ ರಕ್ಷಣೆ ಕೊಡುತ್ತದೆ, ಅದೇ ಕಾರಣಕ್ಕೆ ವಿಟಮಿನ್ ಡಿ ತಯಾರಿಕೆಯನ್ನು ನಿಧಾನಗೊಳಿಸುತ್ತದೆ. ಬಿಳಿಯರಿಗಾಗಿ ಬರೆದ ಹತ್ತು ನಿಮಿಷದ ಸಲಹೆ ನಮ್ಮ ಮೈಗೆ ಸಾಲದು. 1962ರಲ್ಲಿ ಗ್ಲಾಸ್ಗೋ ನಗರದ ವೈದ್ಯರು ಅಲ್ಲಿ ನೆಲೆಸಿದ್ದ ಪಾಕಿಸ್ತಾನಿ ಕುಟುಂಬಗಳಲ್ಲಿ ರಿಕೆಟ್ಸನ್ನು ವರದಿ ಮಾಡಿದಾಗ ಬ್ರಿಟನ್ನಿಗೆ ಆಶ್ಚರ್ಯವಾಗಿತ್ತು. ಆದರೆ ಬೂದು ಆಕಾಶದ ಕೆಳಗೆ ಕಂದು ಮೈಗೆ ಅದು ಆಗಲೇಬೇಕಾದ ಸಂಗತಿಯಾಗಿತ್ತು. ಬಹರೈನಿನಲ್ಲಿ ಆಕಾಶ ಬೂದಲ್ಲ. ಗೋಡೆಗಳು ಆ ಕೆಲಸ ಮಾಡುತ್ತವೆ.

ಬಿಸಿಲಿನ ಹೊತ್ತಿನ ಬಗೆಗೆ ನಮ್ಮಲ್ಲಿ ಒಂದು ಗಾಢವಾದ ತಪ್ಪು ತಿಳಿವಳಿಕೆಯಿದೆ. ಸಲ್ಮಾನಿಯಾದ ಒಂದು ಫ್ಲಾಟಿನಲ್ಲಿ ಮೂರು ತಿಂಗಳ ಬಾಣಂತಿಯನ್ನು ಕಲ್ಪಿಸಿಕೊಳ್ಳಬಹುದು. ಕುಂದಾಪುರದಿಂದ ಅಮ್ಮ ಫೋನಿನಲ್ಲಿ ಕೇಳುತ್ತಾಳೆ: “ಮಗಳೇ, ಮಗುವಿಗೆ ಎಣ್ಣೆ ಹಚ್ಚಿ ಎಳೆಬಿಸಿಲು ಕಾಯಿಸ್ತಾ ಇದ್ದೀಯಲ್ಲ?” “ಹ್ಞೂಂ ಅಮ್ಮ, ಬೆಳಿಗ್ಗೆ ಆರೂವರೆಗೆ ಕಿಟಕಿಯ ಹತ್ತಿರ ಮಲಗಿಸ್ತೇನೆ.” ಪ್ರೀತಿ ತುಂಬಿದ ಈ ಸಂಭಾಷಣೆಯಲ್ಲಿ ಎರಡು ದೋಷಗಳಿವೆ. ಕಿಟಕಿಯ ಗಾಜು ಯುವಿಬಿಯನ್ನು ಬಹುಮಟ್ಟಿಗೆ ತಡೆದುಬಿಡುತ್ತದೆ. ಒಳಗೆ ಬರುವುದು ಬೆಳಕು, ಶಾಖ ಮತ್ತು ಚರ್ಮವನ್ನು ಮುಪ್ಪಾಗಿಸುವ ಯುವಿಎ. ಎರಡನೆಯದಾಗಿ, ಎಳೆಬಿಸಿಲು ವಾತಾವರಣವನ್ನು ಓರೆಯಾಗಿ ಹಾಯ್ದು ಬರುವಾಗ ಅದರ ಯುವಿಬಿ ದಾರಿಯಲ್ಲೇ ಕಳೆದುಹೋಗುತ್ತದೆ. ಹರಿನಾರಾಯಣ ಮತ್ತು ಸಂಗಡಿಗರು ತಿರುಪತಿಯಲ್ಲಿ, ಚರ್ಮದಲ್ಲಿರುವ ಮೂಲವಸ್ತುವನ್ನೇ ಗಾಜಿನ ಪುಟ್ಟ ಶೀಶೆಗಳಲ್ಲಿ ತುಂಬಿ ಬಿಸಿಲಿಗಿಟ್ಟು ಅಳೆದು ನೋಡಿದರು: ಅತಿ ಹೆಚ್ಚು ಪರಿವರ್ತನೆಯಾಗುವುದು ಬೆಳಗಿನ ಹನ್ನೊಂದರಿಂದ ಮಧ್ಯಾಹ್ನ ಎರಡರವರೆಗೆ. ಹಿರಿಯರ ಎಳೆಬಿಸಿಲು ಮಗುವಿಗೆ ಹಿತವಾದುದೇ. ಅದರಿಂದ ಎಲುಬಿಗೆ ಸಿಗುವುದು ಕಡಿಮೆ. ಹಾಗೆಂದು ಎಳೆಗೂಸನ್ನು ನಡುಮಧ್ಯಾಹ್ನದ ಬಿಸಿಲಿಗೊಡ್ಡಬೇಕಾಗಿಲ್ಲ. ಭಾರತದ ಮಕ್ಕಳ ತಜ್ಞರ ಅಕಾಡೆಮಿ ಮೊದಲ ವರ್ಷದ ಎಲ್ಲ ಶಿಶುಗಳಿಗೂ ದಿನಕ್ಕೆ 400 ಯೂನಿಟ್ಟುಗಳ ಹನಿಯನ್ನು ಶಿಫಾರಸು ಮಾಡಿದೆ. ತಾಯಿಯ ಹಾಲು ಉಳಿದೆಲ್ಲಕ್ಕೂ ಅಮೃತವಾದರೂ ಈ ಒಂದು ವಸ್ತು ಅದರಲ್ಲಿ ಅತ್ಯಲ್ಪ.

ದೊಡ್ಡವರಿಗೆ ಒಂದು ಸರಳ ಅಳತೆಯಿದೆ, ಅದಕ್ಕೆ ಯಾವ ಉಪಕರಣವೂ ಬೇಡ. ನೆರಳು ಮೈಯ ಎತ್ತರಕ್ಕಿಂತ ಗಿಡ್ಡವಿದ್ದಾಗ ನೇರಳಾತೀತ ಕಿರಣಗಳು ತೀಕ್ಷ್ಣ, ಉದ್ದವಿದ್ದಾಗ ಕ್ಷೀಣ. ಉಡುಪಿಯಲ್ಲಿ ಡಿಸೆಂಬರಿನ ನಡುಹಗಲಲ್ಲೂ ಐದೂವರೆ ಅಡಿಯವರ ನೆರಳು ನಾಲ್ಕಡಿ ಸುಮಾರು. 26 ಡಿಗ್ರಿ ಅಕ್ಷಾಂಶದ ಬಹರೈನಿನಲ್ಲಿ ಡಿಸೆಂಬರ್ 22ರ ಸುಮಾರಿಗೆ ಅದೇ ನೆರಳು ಆರೂವರೆ ಅಡಿಗೆ ಸಮೀಪಿಸುತ್ತದೆ. ಇಲ್ಲಿನ ಚಳಿಗಾಲದ ಬಿಸಿಲು ಊರಿನದಕ್ಕಿಂತ ದುರ್ಬಲ, ಬೇಸಿಗೆಯದು ಅಸಹನೀಯ. ಜುಲೈನಲ್ಲಿ ಬಿಸಿಲಿದೆ, ನಿಲ್ಲಲಾಗದು. ಡಿಸೆಂಬರಿನಲ್ಲಿ ನಿಲ್ಲಬಹುದು, ಹೆಚ್ಚು ಹೊತ್ತು ಬೇಕು. ಅಕ್ಟೋಬರ್ ಕೊನೆಯಿಂದ ಏಪ್ರಿಲ್ ತನಕ ಮಧ್ಯಾಹ್ನದ ಬಿಡುವಿನಲ್ಲಿ ಮೊಣಕೈವರೆಗೆ ತೋಳು ಮಡಚಿ ಅರ್ಧ ಗಂಟೆ ಹೊರಗೆ ನಡೆಯುವುದು ಬಹುತೇಕ ನಡುವಯಸ್ಸಿನವರಿಗೆ ವಿವೇಕದ ದಾರಿ. ಸಲ್ಮಾನಿಯಾದ ಉದ್ಯಾನಕ್ಕೆ ಸಂಜೆ ಬಿಸಿಲಿಳಿದ ಮೇಲೆ ಬರುವ ನಡಿಗೆಯವರಿಗೆ ಹೃದಯಕ್ಕೆ ಲಾಭವಿದೆ, ಈ ವಿಷಯದಲ್ಲಿ ಇಲ್ಲ. ಬಿಸಿಲಿಗೊಂದು ಗುಣವಿದೆ: ಚರ್ಮದಲ್ಲಿ ಹೆಚ್ಚಾದ ವಸ್ತುವನ್ನು ಬಿಸಿಲೇ ನಿರುಪಯೋಗಿ ರೂಪಗಳಿಗೆ ಒಡೆದುಹಾಕುವುದರಿಂದ ಬಿಸಿಲಿನಿಂದ ಯಾರಿಗೂ ವಿಟಮಿನ್ ಡಿ ವಿಷವಾಗುವುದಿಲ್ಲ. ಆದರೆ ಚರ್ಮ ಸುಡುವಷ್ಟು ನಿಲ್ಲುವುದರಿಂದ ಹೆಚ್ಚಿನ ಲಾಭವೂ ಇಲ್ಲ. ಕೆನ್ನೆಯ ಬಂಗು, ಕಣ್ಣಿನ ಪೊರೆ, ತಿಳಿಬಣ್ಣದವರಿಗೆ ಕ್ಯಾನ್ಸರಿನ ಭಯ ಮಾತ್ರ ಹೆಚ್ಚುತ್ತವೆ. ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚಿಕೊಂಡು ತೋಳುಗಳನ್ನು ಬಿಸಿಲಿಗೆ ಬಿಡುವುದರಲ್ಲಿ ಯಾವ ವಿರೋಧವೂ ಇಲ್ಲ.

ಗುಳಿಗೆಯ ಕತೆ ಹೀಗಲ್ಲ. ಮಂಗಳೂರಿನಿಂದ ಬರುವ ಪೆಟ್ಟಿಗೆಗಳಲ್ಲಿ ಹಪ್ಪಳ, ಉಪ್ಪಿನಕಾಯಿ, ಕುಚ್ಚಲಕ್ಕಿಯ ಜತೆ 60,000 ಯೂನಿಟ್ಟಿನ ಪುಡಿಯ ಪೊಟ್ಟಣಗಳೂ ಇರುತ್ತವೆ. ಅದನ್ನು ವಾರಕ್ಕೊಂದರಂತೆ ಎಂಟು ವಾರ ಕೊಡುವುದು ನಿಜವಾದ ಕೊರತೆಗೆ ವೈದ್ಯರು ಅನುಸರಿಸುವ ಕ್ರಮ. ತೊಂದರೆ ಬರುವುದು ಒಂಬತ್ತನೆಯ ವಾರದಿಂದ. ಚೀಟಿ ಕಳೆದುಹೋಗಿರುತ್ತದೆ, ಪೊಟ್ಟಣ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, ನೆರೆಯವರಿಗೂ ಎರಡು ದಾಟಿಸಲಾಗುತ್ತದೆ. ಲೆಕ್ಕ ಹಾಕಿದರೆ ವಾರಕ್ಕೆ 60,000 ಎಂದರೆ ದಿನಕ್ಕೆ 8,500 ಯೂನಿಟ್ಟುಗಳಿಗೂ ಮಿಗಿಲು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ವಯಸ್ಕರಿಗೆ ನಿಗದಿಪಡಿಸಿದ್ದು ದಿನಕ್ಕೆ 600. ಅಮೆರಿಕದ ವೈದ್ಯಕೀಯ ಸಂಸ್ಥೆ, ವೈದ್ಯರ ನಿಗಾ ಇಲ್ಲದೆ ನಿತ್ಯ ಸೇವಿಸಬಹುದಾದ ಮೇಲ್ಮಿತಿಯೆಂದು ಇಟ್ಟಿದ್ದು 4,000. ಈ ವಸ್ತು ಕೊಬ್ಬಿನಲ್ಲಿ ಕರಗಿ ತಿಂಗಳುಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ಅತಿಯಾದಾಗ ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಕರಿಕೆ, ಮಲಬದ್ಧತೆ, ಅತಿ ಬಾಯಾರಿಕೆ, ಗೊಂದಲ, ಕೊನೆಗೆ ಮೂತ್ರಪಿಂಡಕ್ಕೆ ಪೆಟ್ಟು. ಭಾರತದ ಆಸ್ಪತ್ರೆಗಳಿಂದ ಇಂಥ ಪ್ರಕರಣಗಳ ವರದಿಗಳು ಬರುತ್ತಲೇ ಇವೆ, ವಿಶೇಷವಾಗಿ 6 ಲಕ್ಷ ಯೂನಿಟ್ಟಿನ ಚುಚ್ಚುಮದ್ದನ್ನು ಮತ್ತೆ ಮತ್ತೆ ಹಾಕಿಸಿಕೊಂಡ ಹಿರಿಯರಲ್ಲಿ. ಆಸ್ಟ್ರೇಲಿಯಾದಲ್ಲಿ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ಟುಗಳನ್ನು ಒಂದೇ ಸಲಕ್ಕೆ ಕೊಟ್ಟು ನೋಡಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದ 2,256 ವಯಸ್ಸಾದ ಮಹಿಳೆಯರ ಪೈಕಿ ಔಷಧ ಪಡೆದವರೇ ಹೆಚ್ಚು ಬಿದ್ದರು, ಅವರ ಎಲುಬುಗಳೇ ಹೆಚ್ಚು ಮುರಿದವು. ಹಾರ್ಮೋನನ್ನು ವಿಟಮಿನ್ ಎಂದು ಕರೆದುದರ ಬೆಲೆ ಇಲ್ಲಿ ಕಾಣುತ್ತದೆ. ಥೈರಾಯ್ಡ್ ಗುಳಿಗೆಯನ್ನು ನೆರೆಮನೆಯವರಿಗೆ ಯಾರೂ ದಾನ ಮಾಡುವುದಿಲ್ಲವಲ್ಲ.

ಹಾಗಾದರೆ ಎಲ್ಲರೂ ಮೊದಲು ಪರೀಕ್ಷೆ ಮಾಡಿಸಿಕೊಳ್ಳಬೇಕೆ? ಇಲ್ಲಿ ವೈದ್ಯಲೋಕದ ಒಳಗೇ ಒಂದು ಜಗಳವಿದೆ. ಅಮೆರಿಕದ ವೈದ್ಯಕೀಯ ಸಂಸ್ಥೆಯ ವರದಿ ಮಿಲಿಲೀಟರಿಗೆ 20 ನ್ಯಾನೋಗ್ರಾಂ ಇದ್ದರೆ ಬಹುತೇಕ ಎಲ್ಲರ ಎಲುಬಿಗೂ ಸಾಕು ಎಂದಿತು. ಅದಾದ ಕೆಲವೇ ತಿಂಗಳಲ್ಲಿ, 2011ರಲ್ಲಿ, ಅಲ್ಲಿನ ಎಂಡೋಕ್ರೈನ್ ಸೊಸೈಟಿ 30 ಬೇಕು ಎಂದಿತು. ಗೆರೆಯನ್ನು ಹತ್ತು ಅಂಕಿ ಮೇಲಕ್ಕೆ ಎಳೆದ ಮರುಕ್ಷಣ ಕೋಟ್ಯಂತರ ಆರೋಗ್ಯವಂತರು ರೋಗಿಗಳಾದರು. ಪ್ರಯೋಗಾಲಯಗಳಿಗೂ ಗುಳಿಗೆಯ ಉದ್ಯಮಕ್ಕೂ ಸುಗ್ಗಿಯಾಯಿತು. 20 ಎಂಬುದನ್ನೂ ಹಲವರು ತಪ್ಪಾಗಿ ಓದಿದರು. ಅದು ನೂರರಲ್ಲಿ 97 ಜನರ ಅಗತ್ಯವನ್ನು ಪೂರೈಸುವ ಮಟ್ಟ. ಸರಾಸರಿ ಮನುಷ್ಯನಿಗೆ 16 ಸಾಕಾಗುತ್ತದೆ. 18 ಇರುವವರಲ್ಲಿ ಹೆಚ್ಚಿನವರಿಗೆ ಏನೂ ಆಗಿಲ್ಲ. 2024ರಲ್ಲಿ ಅದೇ ಎಂಡೋಕ್ರೈನ್ ಸೊಸೈಟಿ ತನ್ನ 30ರ ಗೆರೆಯನ್ನು ಹಿಂತೆಗೆದುಕೊಂಡು, ಆರೋಗ್ಯವಂತ ವಯಸ್ಕರಿಗೆ ವಾಡಿಕೆಯ ಪರೀಕ್ಷೆಯೇ ಬೇಡ ಎಂದಿತು. ಮಕ್ಕಳು, ಗರ್ಭಿಣಿಯರು, 75 ದಾಟಿದವರು, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿರುವವರು ಪರೀಕ್ಷೆಯಿಲ್ಲದೆಯೇ ಮಿತವಾಗಿ ಗುಳಿಗೆ ತೆಗೆದುಕೊಳ್ಳಬಹುದೆಂದೂ ಹೇಳಿತು. ವಿಜ್ಞಾನ ತನ್ನ ಮಾತನ್ನು ತಾನೇ ತಿದ್ದಿಕೊಂಡದ್ದು ಸ್ವಾಗತಾರ್ಹ. ನಡುವಿನ ಹದಿಮೂರು ವರ್ಷ ಜನ ತೆತ್ತ ಹಣವನ್ನು ಮಾತ್ರ ಯಾರೂ ಹಿಂದಿರುಗಿಸಲಾರರು.

ಗುಳಿಗೆಯಿಂದ ಕ್ಯಾನ್ಸರ್, ಹೃದಯಾಘಾತ ತಡೆಯಬಹುದೆಂಬ ಆಸೆಯನ್ನು ಅಮೆರಿಕದ ವೈಟಲ್ ಪ್ರಯೋಗ ಪರೀಕ್ಷಿಸಿತು. 25,871 ಜನ, ದಿನಕ್ಕೆ 2,000 ಯೂನಿಟ್, ಐದು ವರ್ಷಕ್ಕೂ ಹೆಚ್ಚು ಕಾಲ. ಎರಡೂ ಕಡಿಮೆಯಾಗಲಿಲ್ಲ. 2022ರಲ್ಲಿ ಬಂದ ಮುಂದಿನ ವರದಿಯಂತೆ ಎಲುಬು ಮುರಿತವೂ ಕಡಿಮೆಯಾಗಲಿಲ್ಲ. ಇದನ್ನೋದಿ ವಿಟಮಿನ್ ಡಿ ಬರಿಯ ಮೋಸ ಎಂದು ತೀರ್ಮಾನಿಸಿದವರಿದ್ದಾರೆ. ಆದರೆ ಆ ಪ್ರಯೋಗಕ್ಕೆ ಸೇರಿದವರ ಸರಾಸರಿ ಮಟ್ಟ ಆರಂಭದಲ್ಲೇ 30ರ ಆಸುಪಾಸಿನಲ್ಲಿತ್ತು. ತುಂಬಿದ ಕೊಡಕ್ಕೆ ನೀರು ಸುರಿದು ನೀರಿನಿಂದ ಉಪಯೋಗವಿಲ್ಲ ಎಂದಂತೆ ಅದು. ಮನೆಯಿಂದ ಹೊರಬರದೆ 7ಕ್ಕೋ 8ಕ್ಕೋ ಇಳಿದು ಕಾಲೆಳೆದು ನಡೆಯುವ ಹೆಂಗಸಿಗೆ ಆ ಫಲಿತಾಂಶ ಅನ್ವಯಿಸುವುದಿಲ್ಲ. ಆಕೆಗೆ ಪರೀಕ್ಷೆಯೂ ಬೇಕು, ಚಿಕಿತ್ಸೆಯೂ ಬೇಕು. ಅಪಸ್ಮಾರದ ಔಷಧ ಸೇವಿಸುವವರು, ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುವವರು, ಕರುಳು ಅಥವಾ ಮೂತ್ರಪಿಂಡದ ಕಾಯಿಲೆಯವರು ಕೂಡ ಅದೇ ಸಾಲಿಗೆ ಸೇರುತ್ತಾರೆ.

ವರದಿ ಕೈಗೆ ಬಂದಾಗ ಅಂಕಿಯ ಪಕ್ಕದ ಮಾನವನ್ನು ಓದಬೇಕು. ಭಾರತದ ಪ್ರಯೋಗಾಲಯಗಳು ಸಾಮಾನ್ಯವಾಗಿ ನ್ಯಾನೋಗ್ರಾಂನಲ್ಲಿ ಬರೆದರೆ ಗಲ್ಫಿನ ಹಲವು ಪ್ರಯೋಗಾಲಯಗಳು ನ್ಯಾನೋಮೋಲ್‌ನಲ್ಲಿ ಬರೆಯುತ್ತವೆ. ಎರಡನೆಯದು ಮೊದಲನೆಯದರ ಎರಡೂವರೆ ಪಟ್ಟು. ಸಲ್ಮಾನಿಯಾದಲ್ಲಿ 50 ಎಂದು ಬಂದದ್ದು ಮಂಗಳೂರಿನ 20ಕ್ಕೆ ಸಮ. ರಜೆಗೆ ಊರಿಗೆ ಹೋದವರು ‘ಅಲ್ಲಿ 50 ಇತ್ತು, ಇಲ್ಲಿ 20ಕ್ಕೆ ಇಳಿಯಿತು’ ಎಂದು ಗಾಬರಿಗೊಂಡು ಚುಚ್ಚುಮದ್ದು ಹಾಕಿಸಿಕೊಳ್ಳಲು ಇಷ್ಟೇ ಸಾಕು.

ಅಂಕಿಗಳನ್ನು ಓದಲಾಗದಿದ್ದರೆ ಆಗುವ ನಷ್ಟಕ್ಕೆ ಇನ್ನೊಂದು ಹಾರ್ಮೋನಿನ ಉದಾಹರಣೆ ಹೆಚ್ಚು ಕಹಿಯಾದದ್ದು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಎಲುಬು ವೇಗವಾಗಿ ಸವೆಯುತ್ತದೆ. 2002ರ ಜುಲೈನಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್, 16,608 ಮಹಿಳೆಯರ ಮೇಲೆ ನಡೆಯುತ್ತಿದ್ದ ಹಾರ್ಮೋನ್ ಪ್ರಯೋಗವನ್ನು ನಡುವೆಯೇ ನಿಲ್ಲಿಸಿತು. ಸ್ತನ ಕ್ಯಾನ್ಸರ್ ಶೇಕಡಾ 26 ಹೆಚ್ಚು ಎಂಬ ಸುದ್ದಿ ಜಗತ್ತನ್ನು ಸುತ್ತಿತು. ಅದೇ ಸಂಗತಿಯನ್ನು ಇನ್ನೊಂದು ಬಗೆಯಲ್ಲಿ ಹೇಳಬಹುದಿತ್ತು: ವರ್ಷಕ್ಕೆ ಹತ್ತು ಸಾವಿರ ಮಹಿಳೆಯರಲ್ಲಿ 30 ಇದ್ದದ್ದು 38 ಆಯಿತು. ಅದೇ ಹತ್ತು ಸಾವಿರದಲ್ಲಿ ಪಾರ್ಶ್ವವಾಯು 8 ಹೆಚ್ಚಿತು, ಸೊಂಟದ ಮುರಿತ 5 ಕಡಿಮೆಯಾಯಿತು. ಆ ಮಹಿಳೆಯರ ಸರಾಸರಿ ವಯಸ್ಸು 63. ಹಾರ್ಮೋನ್ ಬೇಕಾಗುವವರಲ್ಲಿ ಹೆಚ್ಚಿನವರು ಐವತ್ತರ ಆಸುಪಾಸಿನವರು. ಶೇಕಡಾ 26 ಎಂಬುದೂ ಸುಳ್ಳಲ್ಲ, ಎಂಟು ಎಂಬುದೂ ಸುಳ್ಳಲ್ಲ. ಒಂದು ಅಂಕಿ ಹೆದರಿಸುತ್ತದೆ, ಇನ್ನೊಂದು ಯೋಚಿಸಲು ಬಿಡುತ್ತದೆ. ರಾತ್ರಿಯಿಡೀ ಬೆವರಿ ಎದ್ದು ಕೂರುವ ಐವತ್ತರ ಹೆಂಗಸು ವೈದ್ಯರೆದುರು ಕೂತಾಗ ಆಕೆಗೆ ಸಿಗಬೇಕಾದುದು ಎರಡನೆಯದು. “ಡಾಕ್ಟ್ರೇ, ನನ್ನಂಥ ಹತ್ತು ಸಾವಿರ ಜನರಲ್ಲಿ ಎಷ್ಟು ಮಂದಿಗೆ?” ಎಂದು ಕೇಳುವುದು ಉದ್ಧಟತನವಲ್ಲ.

ಆಹಾರದ ವಿಷಯ ಬೇಗ ಮುಗಿಯುತ್ತದೆ. ಬೂತಾಯಿ, ಬಂಗುಡೆಯಂಥ ಕೊಬ್ಬಿನ ಮೀನುಗಳಲ್ಲಿ ವಿಟಮಿನ್ ಡಿ ಇದೆ. ಮೊಟ್ಟೆಯ ಹಳದಿಯಲ್ಲಿ ಅಲ್ಪ. ಬಿಸಿಲಿಗೊಡ್ಡಿದ ಅಣಬೆಯಲ್ಲಿ ಒಂದಷ್ಟು. ಸಸ್ಯಾಹಾರಿಗೆ ಸಹಜ ಆಹಾರದಲ್ಲಿ ಹೆಚ್ಚೇನೂ ಇಲ್ಲ. ರಾಗಿಯಲ್ಲಿ ನೂರು ಗ್ರಾಮಿಗೆ 350 ಮಿಲಿಗ್ರಾಂ ಸುಮಾರು ಕ್ಯಾಲ್ಸಿಯಂ ಇದ್ದರೂ ಅದನ್ನು ಕರುಳು ಹೀರಬೇಕಾದರೆ ಇದೇ ಹಾರ್ಮೋನು ಬೇಕು. ಉಳಿದದ್ದು ಸರ್ಕಾರಗಳ ಕೆಲಸ. ಫಿನ್ಲೆಂಡ್ 2003ರಲ್ಲಿ ಹಾಲಿಗೆ ವಿಟಮಿನ್ ಡಿ ಬೆರೆಸಲು ಆರಂಭಿಸಿ, 2010ರಲ್ಲಿ ಪ್ರಮಾಣವನ್ನು ಇಮ್ಮಡಿಗೊಳಿಸಿತು. ಬಿಸಿಲೇ ಕಾಣದ ಆ ದೇಶದಲ್ಲಿ ಕೊರತೆ ಬಹುಮಟ್ಟಿಗೆ ನೀಗಿತು. ಯಾರೂ ಪರೀಕ್ಷೆಗೆ ಸಾಲು ನಿಲ್ಲಬೇಕಾಗಲಿಲ್ಲ. ಭಾರತದಲ್ಲಿ ಹಾಲು ಮತ್ತು ಅಡುಗೆ ಎಣ್ಣೆಗೆ ಇದನ್ನು ಬೆರೆಸುವ ಮಾನದಂಡಗಳಿವೆ, ಪ್ಲಸ್ ಎಫ್ ಎಂಬ ಗುರುತಿದೆ. ವ್ಯಕ್ತಿಯ ತಿಳಿವಳಿಕೆಯ ಆಯ್ಕೆಯನ್ನು ಕುರಿತು ಮಾತನಾಡುವವರು ಇದನ್ನು ಮರೆಯುವುದುಂಟು.

ಆಯ್ಕೆಯೇ ಇಲ್ಲದವರು ಎರಡು ತುದಿಯಲ್ಲಿದ್ದಾರೆ. ಒಂದು ತುದಿಯಲ್ಲಿ ಬಿಸಿಲಿನಿಂದ ತಪ್ಪಿಸಿಕೊಳ್ಳಲಾಗದ ಕಟ್ಟಡ ಕಾರ್ಮಿಕ. ಬಹರೈನ್ ಸರ್ಕಾರ ಜುಲೈ, ಆಗಸ್ಟ್ ತಿಂಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಹೊರಗಿನ ದುಡಿಮೆಯನ್ನು ನಿಷೇಧಿಸಿತ್ತು. 2025ರಿಂದ ಅದನ್ನು ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮೂರು ತಿಂಗಳಿಗೆ ವಿಸ್ತರಿಸಿತು. ಒಳ್ಳೆಯ ಹೆಜ್ಜೆ. ಆದರೂ ಬೆಳಗಿನ ಹತ್ತರಿಂದ ಹನ್ನೆರಡರವರೆಗಿನ ಧಗೆ ಕಡಿಮೆಯದಲ್ಲ. ಗಲ್ಫಿನಿಂದ ಮರಳಿದ ಯುವಕರು ಮೂತ್ರಪಿಂಡ ಸೋತು ಡಯಾಲಿಸಿಸ್ಸಿಗೆ ಬರುತ್ತಿರುವುದನ್ನು ನೇಪಾಳದ ವೈದ್ಯರು ಗಮನಿಸಿದ್ದಾರೆ. ವಿಟಮಿನ್ ಡಿ ಕೊನೆಯ ಸಲ ತಿದ್ದಿಸಿಕೊಂಡು ಹಾರ್ಮೋನ್ ಆಗುವುದು ಮೂತ್ರಪಿಂಡದಲ್ಲೇ. ದಿನವಿಡೀ ಬಿಸಿಲಲ್ಲಿ ನಿಂತವನ ಮೂತ್ರಪಿಂಡ ಧಗೆಗೆ, ನೀರಿಲ್ಲದ ದುಡಿಮೆಗೆ ಸೋತುಹೋದರೆ ಅವನ ಮೈಮೇಲೆ ಬಿದ್ದ ಬಿಸಿಲಷ್ಟೂ ವ್ಯರ್ಥ.

ಇನ್ನೊಂದು ತುದಿಯಲ್ಲಿ ಬಿಸಿಲನ್ನೇ ಕಾಣದ ಮನೆಗೆಲಸದ ಹೆಣ್ಣು. ಕೆಲಸದ ಮನೆಯೇ ಆಕೆಯ ವಾಸದ ಮನೆ. 2012ರ ಕಾರ್ಮಿಕ ಕಾಯ್ದೆಯ ಕೆಲವು ರಕ್ಷಣೆಗಳು ಮಾತ್ರ ಆಕೆಗೆ ಅನ್ವಯಿಸುತ್ತವೆ. ಕನ್ನಡಿಗರ ಮನೆಗಳಲ್ಲೂ ಇಂಥವರು ದುಡಿಯುತ್ತಾರೆ. ನಮ್ಮ ವಿಟಮಿನ್ ಡಿ ಎಷ್ಟಿದೆ ಎಂದು ವರ್ಷಕ್ಕೆರಡು ಬಾರಿ ಅಳೆಸಿಕೊಳ್ಳುವ ಮನೆಯಲ್ಲಿ, ಅಡುಗೆಮನೆಯ ಪಕ್ಕದ ಕೋಣೆಯವಳ ಮೊಣಕಾಲು ನೋವಿಗೆ ಬಾಮಿನ ಡಬ್ಬಿಯನ್ನಷ್ಟೇ ಕೊಟ್ಟಿರುವ ಸಾಧ್ಯತೆಯಿದೆ. ಆಕೆ ವೈದ್ಯರ ಬಳಿ ಹೋಗಬೇಕಾದರೆ ಯಾರಾದರೂ ಕರೆದೊಯ್ಯಬೇಕು. ಹೋದರೂ ಆಕೆಯ ಪರವಾಗಿ ಮಾತನಾಡುವವರು ಮನೆಯೊಡತಿಯೇ. ಅನೇಕ ಕಟ್ಟಡಗಳ ತಾರಸಿಗೆ ಬೀಗ ಹಾಕಿರುತ್ತಾರೆ, ಕೀಲಿಕೈ ಕೆಳಗಿನ ವಾಚ್‌ಮನ್ ಬಳಿ ಇರುತ್ತದೆ. ನವೆಂಬರಿನಿಂದ ಮಾರ್ಚಿಯವರೆಗೆ, ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ಅರ್ಧ ಗಂಟೆಗೆ ಆ ಕೀಲಿಕೈ ಕೇಳಿ ಪಡೆಯುವುದು ಕಷ್ಟದ ಕೆಲಸವಲ್ಲ. ಬಟ್ಟೆ ಒಣಹಾಕಲೆಂದು ಅಲ್ಲ, ಕೂರಲೆಂದು ಎಂದು ವಾಚ್‌ಮನ್ನನಿಗೆ ಮೊದಲೇ ಹೇಳಿಡಬೇಕಾಗಬಹುದು.